ನಕ್ಷೆಯ ಗೆರೆ ಬಿಟ್ಟು ಹಾರುವ ವಿಮಾನ

ರಿಮೋಟ್ ನಮ್ಮ ಕೈಯಲ್ಲಿರುವ ತನಕ ಮಾದರಿ ವಿಮಾನ ಹೇಳಿದ ಮಾತು ಕೇಳುತ್ತದೆ. ಆಟೋಪೈಲಟ್‌ಗೆ ವಹಿಸಿದ್ದೇ ತಡ, ಅದರ ವರಸೆ ಬದಲಾಗುತ್ತದೆ. ಲ್ಯಾಪ್‌ಟಾಪಿನ ನಕ್ಷೆಯ ಮೇಲೆ ಎಳೆದ ಗೆರೆಯ ಆಚೀಚೆ ಅಂಕುಡೊಂಕಾಗಿ ಓಲಾಡುತ್ತದೆ. ಇಲ್ಲವೇ ಗೆರೆಗೆ ಹತ್ತು ಮೀಟರ್ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ತಿರುವಿನಲ್ಲಿ ಗಾಳಿ ಎಳೆದತ್ತ ಜಾರುವುದೂ ಉಂಟು. ಆಗ ಹವ್ಯಾಸಿಗಳು ಮೊದಲು ಕೈಹಾಕುವುದು ದಾರಿ ತೋರಿಸುವ ಲೆಕ್ಕಾಚಾರದ ಅಂಕಿಗಳಿಗೆ. ದೋಷ ಹೆಚ್ಚಾಗಿ ಅಲ್ಲಿರುವುದಿಲ್ಲ.

ಆರ್ಡುಪೈಲಟ್‌ನಂಥ ಮುಕ್ತ ತಂತ್ರಾಂಶದಲ್ಲಿ ವಿಮಾನ ನಡೆಸುವ ಕೆಲಸ ಒಂದರ ಮೇಲೊಂದು ಕೂತ ಮೂರು ಹಂತಗಳಿಗೆ ಹಂಚಿಹೋಗಿದೆ. ಮೇಲಿನದು ನಕ್ಷೆ ನೋಡಿ ‘ಬಲಕ್ಕೆ 20 ಡಿಗ್ರಿ ವಾಲು’ ಎಂದು ಅಪ್ಪಣೆ ಕೊಡುತ್ತದೆ, ಅಷ್ಟೇ. ನಡುವಿನದು ಆ ಅಪ್ಪಣೆಗೆ ತಕ್ಕಂತೆ ರೆಕ್ಕೆಯ ಅಂಚಿನ ಏಲೆರಾನ್‌ಗಳನ್ನು ಆಡಿಸುತ್ತದೆ. ಎಲ್ಲಕ್ಕೂ ಅಡಿಯಲ್ಲಿರುವುದು ಜೈರೋಸ್ಕೋಪ್, ವೇಗೋತ್ಕರ್ಷಮಾಪಕ, ದಿಕ್ಸೂಚಿ, ಜಿಪಿಎಸ್‌ಗಳ ವರದಿ ಕೂಡಿಸಿ, ವಿಮಾನ ಈಗ ಎಲ್ಲಿದೆ, ಹೇಗೆ ವಾಲಿದೆ ಎಂದು ಅಂದಾಜು ಕಟ್ಟುವ ಹಂತ. ಅಡಿಯ ಅಂದಾಜು ತಪ್ಪಿದರೆ ಮೇಲಿನದು ತಪ್ಪು ಅಪ್ಪಣೆಯನ್ನೇ ಕೊಡುತ್ತಾ ಹೋಗುತ್ತದೆ, ಅದೂ ಪೂರ್ತಿ ನಂಬಿಕೆಯಿಂದ. ಹಾಗಾಗಿ ದೋಷವನ್ನು ಕೆಳಗಿನಿಂದ ಮೇಲಕ್ಕೆ ಹುಡುಕಬೇಕು.

ಹುಡುಕಾಟಕ್ಕೆ ಬೇಕಾದ ಸಾಕ್ಷ್ಯವನ್ನು ವಿಮಾನವೇ ಹೊತ್ತು ತಂದಿರುತ್ತದೆ. ಹಾರಾಟದ ಉದ್ದಕ್ಕೂ ಆಟೋಪೈಲಟ್ ಬೋರ್ಡಿನ ಮೆಮೊರಿ ಕಾರ್ಡಿನಲ್ಲಿ ಲಾಗ್ ಬರೆದುಕೊಂಡಿರುತ್ತದೆ. ಅದನ್ನು ತೆರೆದು ‘ಡೆಸ್‌ರೋಲ್’ ಮತ್ತು ‘ರೋಲ್’ ಎಂಬ ಎರಡು ಗೆರೆಗಳನ್ನು ಒಂದೇ ಚಿತ್ರದಲ್ಲಿ ಹಾಕಿ ನೋಡಿ. ಮೊದಲನೆಯದು ಕೇಳಿದ ವಾಲು, ಎರಡನೆಯದು ಆದ ವಾಲು. ಎರಡೂ ಒಂದರ ಮೇಲೊಂದು ಕೂತಿದ್ದರೆ ನಡುವಿನ ಹಂತ ಸರಿಯಾಗಿದೆ. 30 ಡಿಗ್ರಿ ಕೇಳಿದಾಗ 18 ಮಾತ್ರ ಬಂದಿದ್ದರೆ, ಅಥವಾ ಪ್ರತಿ ಸಲವೂ ಒಂದು ಸೆಕೆಂಡ್ ತಡವಾಗಿ ಬಂದಿದ್ದರೆ, ನಕ್ಷೆಯ ಸುದ್ದಿಗೇ ಹೋಗಬಾರದು. ಸರ್ವೋ ಮೋಟಾರಿನಿಂದ ಏಲೆರಾನ್‌ಗೆ ಹೋಗುವ ಕಡ್ಡಿ ಸಡಿಲವಾಗಿರಬಹುದು, ನಿಯಂತ್ರಣದ ಗೇನ್, ಅಂದರೆ ತಪ್ಪಿಗೆ ತಕ್ಕಂತೆ ಏಲೆರಾನ್ ಎಷ್ಟು ಆಡಬೇಕೆಂಬ ಅಂಕಿ, ಕಡಿಮೆ ಇರಬಹುದು. ಆಟೋಟ್ಯೂನ್ ಮೋಡ್‌ನಲ್ಲಿ ವಿಮಾನವನ್ನು ಎಡಕ್ಕೂ ಬಲಕ್ಕೂ ರಭಸವಾಗಿ ವಾಲಿಸುತ್ತಾ ಹೋದರೆ ತಂತ್ರಾಂಶವೇ ಗೇನ್ ಹೊಂದಿಸಿಕೊಳ್ಳುತ್ತದೆ.

ಹಾರಿಸುವ ಮೊದಲೇ ಮಾಡಬೇಕಾದ ಒಂದು ಪರೀಕ್ಷೆಯಿದೆ. ಪ್ರೊಪೆಲ್ಲರ್ ಬಿಚ್ಚಿ, ವಿಮಾನ ತನ್ನನ್ನು ತಾನೇ ಮಟ್ಟ ಮಾಡಿಕೊಳ್ಳುವ ಎಫ್‌ಬಿಡಬ್ಲ್ಯುಎ ಮೋಡ್‌ಗೆ ಹಾಕಿ, ಕೈಯಲ್ಲಿ ಹಿಡಿದು ಬಲಕ್ಕೆ ವಾಲಿಸಿ. ಬಲ ಏಲೆರಾನ್ ಕೆಳಗಿಳಿದು, ಎಡದ್ದು ಮೇಲೇಳಬೇಕು. ಮೂತಿ ಬಗ್ಗಿಸಿದರೆ ಬಾಲದ ಎಲಿವೇಟರ್ ಮೇಲೇಳಬೇಕು. ಉಲ್ಟಾ ಆಡಿತೋ, ಆಟೋಪೈಲಟ್ ಸರಿಪಡಿಸಲು ಹೋದಷ್ಟೂ ವಿಮಾನ ಮಗುಚುತ್ತದೆ. ರಿಮೋಟಿನಲ್ಲಿ ಎಲ್ಲವೂ ಸರಿಯಿರುವಾಗಲೂ ಈ ತಪ್ಪು ಅಡಗಿ ಕೂತಿರಬಲ್ಲದು, ಏಕೆಂದರೆ ರಿಮೋಟಿನ ದಿಕ್ಕು ಬೇರೆ, ಸರ್ವೋದ ದಿಕ್ಕು ಬೇರೆ.

ಈಗ ಓಲಾಟದ ವಿಷಯ. ಆರ್ಡುಪೈಲಟ್ ಗೆರೆ ಹಿಡಿಯಲು ಬಳಸುವ ಎಲ್‌1 ವಿಧಾನದ ಬೇರು ಎಂಐಟಿಯಲ್ಲಿ ಸಾಂಗ್‌ಹ್ಯುಕ್ ಪಾರ್ಕ್, ಜಾನ್ ಡೈಸ್ಟ್, ಜೊನಾಥನ್ ಹೌ ಅವರು 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಉಪಾಯ ಸರಳ: ಗೆರೆಯ ಮೇಲೆ ಒಂದಷ್ಟು ಮುಂದಿರುವ ಬಿಂದುವಿಗೆ ಕಣ್ಣು ನೆಡುವುದು, ಅದರತ್ತ ಬಾಗುವುದು. ಸೈಕಲ್ ಕಲಿಯುವವರು ಮುಂದಿನ ಚಕ್ರವನ್ನೇ ದಿಟ್ಟಿಸಿದರೆ ಹ್ಯಾಂಡಲ್ ತೂರಾಡುವುದು, ದೂರದ ರಸ್ತೆ ನೋಡಿದರೆ ನೇರ ಹೋಗುವುದು ಇದೇ ಲೆಕ್ಕ. ಈ ವಿಧಾನದ ಸೆಟ್ಟಿಂಗ್‌ಗಳಲ್ಲಿ ಅವಧಿಯ ಅಂಕಿ 20 ಸೆಕೆಂಡ್, ಓಲಾಟ ತಗ್ಗಿಸುವ ಡ್ಯಾಂಪಿಂಗ್ 0.75 ಇದ್ದರೆ, ಸೆಕೆಂಡಿಗೆ 15 ಮೀಟರ್ ವೇಗದ ವಿಮಾನ ಸುಮಾರು 72 ಮೀಟರ್ ಮುಂದೆ ನೋಡುತ್ತದೆ. ಅವಧಿಯನ್ನು 10ಕ್ಕೆ ಇಳಿಸಿದರೆ ನೋಟ 36 ಮೀಟರಿಗೆ ಕುಗ್ಗುತ್ತದೆ. ತಿರುವು ಚುರುಕಾಗುತ್ತದೆ ನಿಜ, ಆದರೆ ವಾಲುವುದರಲ್ಲಿ ಮಂದವಾದ ವಿಮಾನ ಗೆರೆ ದಾಟಿದ ಮೇಲೆ ಎಚ್ಚೆತ್ತು ಮತ್ತೆ ಇತ್ತ ಬರುತ್ತದೆ. ಒಂದು ಹಾರಾಟಕ್ಕೆ ಒಂದೇ ಅಂಕಿ, ಅದೂ ಒಂದೊಂದೇ ಸೆಕೆಂಡಿನಂತೆ ಬದಲಿಸಬೇಕು.

ಓಲಾಡಿದರೆ ದಾರಿ ಉದ್ದವಾಗುತ್ತದೆ, ಇಂಧನ ಪೋಲಾಗುತ್ತದೆ; ದೂರದ ಹಾರಾಟದಲ್ಲಿ ಅದು ದುಬಾರಿ. 2003ರ ಆಗಸ್ಟ್‌ನಲ್ಲಿ ಅಮೆರಿಕದ ಮೇನಾರ್ಡ್ ಹಿಲ್ ಅವರ ತಂಡದ ಬಾಲ್ಸಾ ಮರದ ಮಾದರಿ ವಿಮಾನ ‘ಟಾಮ್ 5’ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ದಾಟಿತು. 3,000 ಕಿಲೋಮೀಟರಿಗೂ ಮಿಗಿಲಾದ ದಾರಿ, 38 ಗಂಟೆ 52 ನಿಮಿಷ, ಇಂಧನವೂ ಸೇರಿ 5 ಕಿಲೋದೊಳಗಿನ ತೂಕ. ಜಿಪಿಎಸ್ ನೋಡಿ ನಡೆಸಿದ್ದು ಆಟೋಪೈಲಟ್. ಆಗ ಹಿಲ್ ಅವರ ದೃಷ್ಟಿ ಬಹುಪಾಲು ಹೋಗಿತ್ತು. ಹವ್ಯಾಸಿ ವಿಮಾನಗಳ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸಾಹಸ ಕಾಣುವುದಿಲ್ಲ.

ಓಲಾಡದೆ, ಗೆರೆಯ ಪಕ್ಕದಲ್ಲೇ ಸಾಗುವ ವಿಮಾನದ ಕಥೆ ಬೇರೆ. ಮಟ್ಟ ಹೊಂದಿಸುವಾಗ ಒಂದು ರೆಕ್ಕೆ ಎರಡು ಡಿಗ್ರಿ ತಗ್ಗಿತ್ತು ಎನ್ನಿ. ಬೋರ್ಡು ಆ ಓರೆಯನ್ನೇ ಸೊನ್ನೆ ಎಂದು ನಂಬುತ್ತದೆ. ‘ನೇರ ಹೋಗು’ ಎಂದಾಗಲೆಲ್ಲ ವಿಮಾನ ತುಸು ಬಾಗುತ್ತದೆ, ಆ ಬಾಗುವಿಕೆಯನ್ನು ಸರಿದೂಗಿಸಲು ಸಾಕಾಗುವಷ್ಟು ದೂರ ಗೆರೆಯಿಂದ ಸರಿದು ನಿಲ್ಲುತ್ತದೆ. ಮೇಜಿನ ಮೇಲೆ ಮಟ್ಟ ಸರಿಮಾಡಿದರೆ ಮುಗಿಯಿತು.

ಅಡಿಯ ಹಂತದ ಅಂದಾಜು ಕೆಡಿಸುವ ಇನ್ನೊಂದು ದೋಷ ದಿಕ್ಸೂಚಿಯದು; ಅದಕ್ಕೆ ಕಾರಣ ಬಹುಪಾಲು ನಾವೇ ಎಳೆದ ತಂತಿ. ಒಂಟಿ ತಂತಿಯಲ್ಲಿ 20 ಆಂಪಿಯರ್ ಹರಿದರೆ 10 ಸೆಂಟಿಮೀಟರ್ ದೂರದಲ್ಲಿ 40 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರವೂ ಹೆಚ್ಚುಕಡಿಮೆ ಅಷ್ಟೇ! ಬ್ಯಾಟರಿಯ ಕೆಂಪು, ಕಪ್ಪು ತಂತಿಗಳನ್ನು ಹೆಣೆದು ಹಾಕಿದರೆ ಎದುರುಬದುರು ಹರಿಯುವ ವಿದ್ಯುತ್ತಿನ ಪರಿಣಾಮ ಬಹಳಷ್ಟು ರದ್ದಾಗುತ್ತದೆ. ಪರೀಕ್ಷೆಗೆ ವಿಮಾನವನ್ನು ಭದ್ರವಾಗಿ ಕಟ್ಟಿ, ಹಿಂದೆ ನಿಂತು, ಥ್ರಾಟಲ್ ಏರಿಸುತ್ತಾ ಪರದೆಯ ದಿಕ್ಕಿನ ಅಂಕಿ ನೋಡಬೇಕು. ಇಲ್ಲಿ ಪ್ರೊಪೆಲ್ಲರ್ ಇರಲೇಬೇಕು; ಬಿಚ್ಚಿದರೆ ಮೋಟಾರು ಹೆಚ್ಚು ವಿದ್ಯುತ್ ಎಳೆಯುವುದಿಲ್ಲ, ದೋಷ ಬಯಲಾಗುವುದಿಲ್ಲ. ನಿಂತಲ್ಲೇ ನಿಂತ ವಿಮಾನದ ದಿಕ್ಕು ಇಪ್ಪತ್ತು ಡಿಗ್ರಿ ತಿರುಗಿದಂತೆ ಕಂಡರೆ ದಿಕ್ಸೂಚಿಯನ್ನು ರೆಕ್ಕೆಯ ಕಡೆಗೋ ಬಾಲದ ಕಡೆಗೋ ಸಾಗಿಸಿ. ಜಾಗವಿಲ್ಲದಿದ್ದರೆ ಅದನ್ನು ತಂತ್ರಾಂಶದಲ್ಲಿ ನಿಲ್ಲಿಸಿಬಿಡುವುದೇ ಲೇಸು. ಸದಾ ಮುನ್ನುಗ್ಗುವ ರೆಕ್ಕೆಯ ವಿಮಾನಕ್ಕೆ ಜಿಪಿಎಸ್‌ನ ವೇಗದಿಂದಲೇ ದಿಕ್ಕು ಊಹಿಸಿಕೊಳ್ಳಲು ಬರುತ್ತದೆ. ಒಂದೇ ಕಡೆ ತೇಲಿ ನಿಲ್ಲುವ ಕ್ವಾಡ್‌ಕಾಪ್ಟರ್‌ಗೆ ಆ ಅನುಕೂಲವಿಲ್ಲ.

ಇಷ್ಟೆಲ್ಲ ಸರಿಯಿದ್ದೂ ತಿರುವಿನಲ್ಲಿ ಜಾರಿದರೆ ಗಾಳಿಯ ಲೆಕ್ಕ ಹಾಕಿ. ಗಾಳಿಯಲ್ಲಿ ವಿಮಾನದ ವೇಗ ಸೆಕೆಂಡಿಗೆ 15 ಮೀಟರ್, ಗಾಳಿಯದು 10 ಇದ್ದರೆ, ನೆಲದ ಮೇಲಿನ ವೇಗ ಎದುರುಗಾಳಿಯಲ್ಲಿ 5, ಹಿಂಗಾಳಿಯಲ್ಲಿ 25. ಗಾಳಿಯಿಲ್ಲದಾಗ 45 ಡಿಗ್ರಿ ವಾಲಿ 23 ಮೀಟರ್ ತ್ರಿಜ್ಯದಲ್ಲಿ ತಿರುಗುವ ವಿಮಾನಕ್ಕೆ ಹಿಂಗಾಳಿಯಲ್ಲಿ ತಿರುವಿನ ಶುರುವಿಗೇ ಸುಮಾರು 64 ಮೀಟರ್ ಬೇಕು. ಅದು ಗೆರೆ ದಾಟಿ ಹೋಗುವುದು ಭೌತಶಾಸ್ತ್ರ, ದೋಷವಲ್ಲ. ತಿರುವಿನ ಬಿಂದುಗಳ ತ್ರಿಜ್ಯ ಹೆಚ್ಚಿಸಿ, ಬೇಗ ತಿರುಗಲು ಬಿಡಿ. ನೆಲವೇಗ ಇಷ್ಟಕ್ಕಿಂತ ಇಳಿಯಬಾರದೆಂದು ನಮೂದಿಸುವ ಅವಕಾಶವೂ ಇದೆ. ಎದುರುಗಾಳಿ ಜೋರಾದರೆ ವಿಮಾನ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಆದರೂ ಮನೆಯತ್ತ ಮೂತಿ ಮಾಡಿದ ವಿಮಾನ ಹಿಂದಕ್ಕೇ ಸರಿಯತೊಡಗಿದರೆ ಎತ್ತರ ಇಳಿಸಿ. ನೆಲದ ಹತ್ತಿರ ಗಾಳಿ ಸಾಮಾನ್ಯವಾಗಿ ತಗ್ಗಿರುತ್ತದೆ.