ಗೂಡು ಕಟ್ಟದ ಹಕ್ಕಿಯ ಫೋಟೊ

ಹೋಳಿ ಹುಣ್ಣಿಮೆಯ ಆಸುಪಾಸು ಮುತ್ತಲ ಮರ ಕೆಂಪೇರಿದರೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಮಕರಂದಕ್ಕೆ ಮುತ್ತುತ್ತದೆ. ಹಿಂಗಾರಿ ಜೋಳದ ಹೊಲದಲ್ಲಿ ಅಟ್ಟ ಹತ್ತಿ, ಕವಣೆ ಬೀಸಿ ಇವನ್ನು ಓಡಿಸುತ್ತಿದ್ದ ರೈತರಿಗೆ ಈ ಹಕ್ಕಿ ತಲೆಮಾರುಗಳಿಂದ ಗೊತ್ತು. ಕ್ಯಾಮೆರಾಕ್ಕೆ ಸಿಕ್ಕಿದ್ದು ಮಾತ್ರ ಬಹಳ ತಡವಾಗಿ.

1892ರಲ್ಲಿ ಇಂಗ್ಲೆಂಡಿನ ಕಿಯರ್ಟನ್ ಸೋದರರು ಮೊಟ್ಟೆಗಳಿದ್ದ ಗೂಡಿನ ಚಿತ್ರ ತೆಗೆದರು. ಮುಂದೆ ಬಹುಕಾಲ ಹಕ್ಕಿ ಛಾಯಾಗ್ರಹಣ ಗೂಡಿನ ಸುತ್ತಲೇ ಬೆಳೆಯಿತು. ನಮ್ಮಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ದೊಡ್ಡ ಹೆಸರು ಮಾಡಿದ ಕಾಲದಲ್ಲೂ ಫಿಲ್ಮಿಗೆ ಬೆಳಕು ಬಹಳ ಬೇಕು, ಲೆನ್ಸಿಗೆ ಹಕ್ಕಿ ಹತ್ತಿರವೇ ಇರಬೇಕು. ಮರೆಯಲ್ಲಿ ಅಡಗಿ ಕೂತು, ಮರಿಗೆ ಗುಟುಕು ತರುವ ತಾಯಿಗಾಗಿ ಕಾಯುವುದೇ ನೆಚ್ಚಿನ ದಾರಿಯಾಗಿತ್ತು. ಆದರೆ ವಲಸೆ ಹಕ್ಕಿ ಇಲ್ಲಿ ಗೂಡನ್ನೇ ಕಟ್ಟುವುದಿಲ್ಲ. ಗುಲಾಬಿ ಕಬ್ಬಕ್ಕಿ ಮರಿ ಮಾಡುವುದು ಮಧ್ಯ ಏಷ್ಯಾದ ಹುಲ್ಲುಗಾವಲಿನ ಕಡೆ. ಜೋಳಕ್ಕೆ ಬರುವ ಕರಿತಲೆಯ ಬಂಟಿಂಗ್ ಹಕ್ಕಿ ಇರಾನಿನಿಂದ ಆಗ್ನೇಯ ಯುರೋಪಿನವರೆಗೆ. ಅವಕ್ಕಾಗಿ ಎಲ್ಲಿ ಕೂತು ಕಾಯುವುದು? ಆಟೊಫೋಕಸ್, ಉದ್ದ ಲೆನ್ಸ್, ಕೊನೆಗೆ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಈ ತೊಡಕು ಬಗೆಹರಿಯಿತು. ಗೂಡಿನ ಚಿತ್ರಗಳನ್ನು ಹಲವು ಸ್ಪರ್ಧೆಗಳು ಈಗ ಒಪ್ಪುವುದೂ ಇಲ್ಲ. ಅದು ಒಳ್ಳೆಯದೇ ಆಯಿತು.

ಬೀಳಗಿ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ ಫ್ಲೆಮಿಂಗೊಗಳು ಎಲ್ಲರ ಕಣ್ಣು ಸೆಳೆಯುತ್ತವೆ. ನನ್ನನ್ನು ಕೇಳಿದರೆ, ಅವಕ್ಕೆ ಬೆನ್ನು ತಿರುಗಿಸಿ ಕುರುಚಲು ಕಾಡು ನೋಡಿ ಎನ್ನುತ್ತೇನೆ. ಮುಧೋಳ, ಬೀಳಗಿ ತಾಲ್ಲೂಕುಗಳಲ್ಲಿ ಹರಡಿದ ಯಡಹಳ್ಳಿ 2016ರಲ್ಲಿ ವನ್ಯಜೀವಿ ಧಾಮವಾದದ್ದು ಚಿಂಕಾರ ಹುಲ್ಲೆಗಾಗಿ. ಆ ಮುಳ್ಳುಕಂಟಿಗಳ ನೆರಳು ಸಣ್ಣ ಹಕ್ಕಿಗಳಿಗೂ ದಕ್ಕಿತು.

ಫೋಟೊಗೆ ವಸಂತವೇ ಏಕೆ ಎಂದರೆ, ಆಗ ಹಕ್ಕಿಯ ಬಣ್ಣ ತೆರೆಯುತ್ತದೆ. ಚಳಿಗಾಲದಲ್ಲಿ ಕಬ್ಬಕ್ಕಿಯ ಗುಲಾಬಿಯನ್ನೂ ಬಂಟಿಂಗ್‌ನ ಕಪ್ಪುತಲೆಯನ್ನೂ ಪುಕ್ಕದ ಮಾಸಲು ಅಂಚು ಮುಚ್ಚಿರುತ್ತದೆ. ಆ ಅಂಚು ದಿನದಿನಕ್ಕೆ ಸವೆದು, ಒಳಗಿನ ಬಣ್ಣ ಹೊರಬೀಳುತ್ತದೆ. ಮದುವೆಯ ಬಣ್ಣ ತುಂಬುವಷ್ಟರಲ್ಲಿ ಹಕ್ಕಿ ಹೊರಟೇಬಿಡುತ್ತದೆ. ಹಾಗಾಗಿ ಫೋಟೊಗೆ ಸಿಗುವುದು ಕೆಲವೇ ವಾರ.

ಆ ವಾರಗಳಲ್ಲಿ ಹಕ್ಕಿಗೆ ಒಂದೇ ಕೆಲಸ: ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವುದು. ಹಿಂಡಿನ ಬೆನ್ನಟ್ಟುವುದು, ಮೊಬೈಲಿನಲ್ಲಿ ಕೂಗು ನುಡಿಸಿ ಕರೆಯುವುದು ಆ ಕೂಡಿಕೆಗೆ ಕನ್ನ ಹಾಕಿದಂತೆ. ಜಮಖಂಡಿ, ರಬಕವಿ-ಬನಹಟ್ಟಿಯ ಸುತ್ತ ನೀರಾವರಿ ಬಂದಲ್ಲೆಲ್ಲ ಕಬ್ಬು ಹಬ್ಬಿದೆ. ಹಾಗಾಗಿ ಕಾಳು ನಂಬಿದ ಬಂಟಿಂಗ್ ಬೇಕಾದವರು ಒಣಬೇಸಾಯದ ಜೋಳದ ಹೊಲ ಹುಡುಕಬೇಕು. ಹೊಲದವರನ್ನು ಕೇಳಿ, ಬದುವಿನ ಮೇಲೆ ಅಲುಗದೆ ಕೂರಬೇಕು.