ಹಿಂಸೆಯ ನೆರಳಿನಲ್ಲಿ ಕ್ಷೇತ್ರಕಾರ್ಯ: ಕೋಲಾರ ಸೀಮೆಯ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಜಾನಪದ ಕ್ಷೇತ್ರಕಾರ್ಯವೆಂದಾಗ ಪ್ರಶ್ನಾವಳಿ, ಧ್ವನಿಮುದ್ರಣ, ಛಾಯಾಚಿತ್ರಗಳ ಮಾತು ಮೊದಲು ಬರುತ್ತದೆ. ಹಿಂಸೆ ನಡೆದ ಊರಿನಲ್ಲಿ ಸಂಶೋಧಕನೂ ವಕ್ತೃವೂ ಹೇಗೆ ಸುರಕ್ಷಿತರಾಗಿರಬೇಕು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಸಂಗ್ರಹಕಾರ್ಯ ಮಾಡುವವರಿಗೆ ಈ ಪ್ರಶ್ನೆ ದೂರದ್ದಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲವಾದ ಆ ಮೊಕದ್ದಮೆಯಲ್ಲಿ ಆರೋಪಿಗಳು 2006ರಲ್ಲಿ ಖುಲಾಸೆಗೊಂಡರು. 2014ರಲ್ಲಿ ಉಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದನೆಂದು ಅವನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಲಾಯಿತು.

ಎರಡನೆಯ ಘಟನೆ ಜಾನಪದ ಅಧ್ಯಯನದ ಅಂಗಳದಲ್ಲೇ ನಡೆದದ್ದು. ಆಚರಣೆಯ ಪರಿಕರವೆಂದು ಸಂಶೋಧಕ ದಾಖಲಿಸುವ ಕೋಲು ಊರು-ಕೇರಿಗಳ ನಡುವಣ ಗೆರೆಯೂ ಹೌದು. ಕೋಲು ಹಿಡಿಯುವವರು ಯಾರು, ತಮಟೆ ಬಾರಿಸುವವರು ಯಾರು ಎಂಬ ಸರಳ ಪ್ರಶ್ನೆಯೂ ಹಳೆಯ ಗಾಯವನ್ನು ಕೆದಕಬಲ್ಲದು.

ಆದ್ದರಿಂದ ಪ್ರವೇಶದಲ್ಲೇ ಎಚ್ಚರ ಅಗತ್ಯ. ಸಂಶೋಧಕ ಮೊದಲು ಯಾರ ಮನೆಯ ಜಗಲಿಯಲ್ಲಿ ಕುಳಿತನೆಂಬುದನ್ನು ಊರು ಗಮನಿಸುತ್ತದೆ. ಮುಖಂಡನ ಜೊತೆ ಹೋದವನಿಗೆ ಕೇರಿ ಬಾಯಿ ಬಿಡುವುದಿಲ್ಲ; ಕೇರಿಗೆ ಮಾತ್ರ ಹೋದವನನ್ನು ಊರು ಶಂಕಿಸುತ್ತದೆ. ಎರಡೂ ಕಡೆಯವರನ್ನು ಪ್ರತ್ಯೇಕವಾಗಿ ಕಂಡು, ಸಂಸ್ಥೆಯ ಪತ್ರ ತೋರಿಸಿ, ಉದ್ದೇಶವನ್ನು ಒಂದೇ ಮಾತಿನಲ್ಲಿ ಹೇಳಬೇಕು. ತೆಲುಗು ಬೆರೆತ ಈ ಗಡಿಸೀಮೆಯಲ್ಲಿ ದುಭಾಷಿಯ ನೆರವು ಬೇಕಾದರೆ ಬೇರೆ ಊರಿನವನನ್ನು ಆರಿಸುವುದು ಲೇಸು. ಅದೇ ಊರಿನವನು ಒಂದು ಪಕ್ಷಕ್ಕೆ ಸೇರಿರುತ್ತಾನೆ. ದಿನದ ಸಂಚಾರವನ್ನು ಹೊರಗಿನ ಒಬ್ಬರಿಗೆ ತಿಳಿಸಿರಬೇಕು. ಜಾತ್ರೆಯಲ್ಲಿ ಮಾತು ಬಿಸಿಯಾದರೆ ಧ್ವನಿಮುದ್ರಣ ನಿಲ್ಲಿಸಿ ಹೊರಡಬೇಕು.

ವಕ್ತೃವಿನ ರಕ್ಷಣೆ ಇದಕ್ಕಿಂತ ಕಠಿಣ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಾದ ತಿದ್ದುಪಡಿಯೂ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯೂ ಮೊಕದ್ದಮೆಯ ಸಾಕ್ಷಿಗಳನ್ನು ಕುರಿತವು. ಕಥೆ ಹೇಳಿದ ಮುದುಕಿಗೆ ಅವುಗಳ ಆಸರೆಯಿಲ್ಲ. ಅವಳ ಹೆಸರು ಟಿಪ್ಪಣಿಯಲ್ಲಿ ಇರಬಾರದು. ಸಂಕೇತಗಳ ಪಟ್ಟಿ ಬೇರೆಡೆ ಇರಬೇಕು. ಜನ ಸೇರಿರುವಾಗ ಘಟನೆಯ ಪ್ರಸ್ತಾಪ ಕೂಡದು. ಹೇಳಿದ್ದನ್ನು ಹಿಂತೆಗೆದುಕೊಳ್ಳುವ ಹಕ್ಕು ಕೊನೆಯವರೆಗೂ ಅವಳದೇ.

ಸಂಶೋಧಕ ಸಂಜೆಯ ಬಸ್ಸಿಗೆ ಹಿಂದಿರುಗುತ್ತಾನೆ. ಮಾತಾಡಿದವಳು ಮರುದಿನವೂ ಅದೇ ಊರಿನಲ್ಲಿ ಕೂಲಿಗೆ ಹೋಗಬೇಕು. ಸುರಕ್ಷತೆಯ ವಿಚಾರ ಅವಳಿಂದಲೇ ಆರಂಭವಾಗಬೇಕಾಗಿದೆ.