ಆಟದ ಪೆಟ್ಟಿಗೆಯಲ್ಲಿ ಸಿನಿಮಾ

ಗೇಮ್ ಕನ್ಸೋಲ್ ಇರುವುದು ಆಟಕ್ಕೆ ಮಾತ್ರ ಎಂಬ ನಂಬಿಕೆಯನ್ನು ಅದರ ಚರಿತ್ರೆಯೇ ಒಪ್ಪುವುದಿಲ್ಲ. 2000ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಪ್ಲೇಸ್ಟೇಷನ್ 2 ಡಿವಿಡಿಯನ್ನೂ ಓಡಿಸುತ್ತಿತ್ತು. 2006ರ ಪ್ಲೇಸ್ಟೇಷನ್ 3 ಬ್ಲೂ-ರೇ ಓಡಿಸಿತು, ಅದೂ ಪ್ರತ್ಯೇಕ ಬ್ಲೂ-ರೇ ಪ್ಲೇಯರ್‌ಗಳು ಅದಕ್ಕಿಂತ ದುಬಾರಿಯಾಗಿದ್ದ ಕಾಲದಲ್ಲಿ. ಇನ್ನೂ ಸ್ವಾರಸ್ಯದ್ದು ಮೊದಲ ಎಕ್ಸ್‌ಬಾಕ್ಸ್‌ನ ಕಥೆ. ಒಳಗಿದ್ದದ್ದು ಹೆಚ್ಚುಕಡಿಮೆ ಒಂದು ಪಿಸಿಯೇ: ಇಂಟೆಲ್ ಪ್ರೊಸೆಸರ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಸಂಪರ್ಕ. ಹವ್ಯಾಸಿ ಪ್ರೋಗ್ರಾಮರ್‌ಗಳು ಅದರ ಬೀಗ ಮುರಿದು, ಮನೆಯ ಕಂಪ್ಯೂಟರಿನಲ್ಲಿದ್ದ ಸಿನಿಮಾ, ಹಾಡುಗಳನ್ನು ಟಿವಿಗೆ ತರುವ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂಬ ತಂತ್ರಾಂಶ ಬರೆದರು. ಕಂಪನಿ ಕೊಡದಿದ್ದನ್ನು ಬಳಕೆದಾರರೇ ಮಾಡಿಕೊಂಡರು. 2014ರಲ್ಲಿ ಅದೇ ತಂತ್ರಾಂಶಕ್ಕೆ ಕೋಡಿ ಎಂಬ ಹೊಸ ಹೆಸರು ಬಂತು.

ಹಾಗಿದ್ದರೆ 2013ರ ಎಕ್ಸ್‌ಬಾಕ್ಸ್ ಒನ್ ಟಿವಿಯನ್ನೇ ಮುಂದಿಟ್ಟುಕೊಂಡು ಬಂದು ಮಾರಾಟದಲ್ಲಿ ಹಿಂದೆ ಬಿದ್ದದ್ದೇಕೆ ಎಂದು ಕೇಳಬಹುದು. ಅದು ಪ್ಲೇಸ್ಟೇಷನ್ 4ಕ್ಕಿಂತ 100 ಡಾಲರ್ ದುಬಾರಿಯಾಗಿತ್ತು. ಕೊಳ್ಳುವವರಿಗೆ ಮೊದಲು ಬೇಕಾದ್ದು ಆಟ, ಸಿನಿಮಾ ಬರೀ ಕೊಸರು. ವಿದ್ಯುತ್ತಿನ ತಕರಾರು ಇನ್ನೂ ಗಟ್ಟಿ: ಸ್ಟ್ರೀಮಿಂಗ್ ಸ್ಟಿಕ್ ಕೆಲವೇ ವ್ಯಾಟ್‌ನಲ್ಲಿ ಮುಗಿಸುವ ಕೆಲಸಕ್ಕೆ ಪ್ಲೇಸ್ಟೇಷನ್ 5 ಹತ್ತಾರು ವ್ಯಾಟ್ ನುಂಗುತ್ತದೆ. ಸ್ಟ್ರೀಮಿಂಗ್‌ಗಷ್ಟೇ ಕನ್ಸೋಲ್ ಕೊಳ್ಳುವುದು ದುಂದು. ಆದರೆ 4ಕೆ ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರ, ಧ್ವನಿಗೆ ಸಿಗುವಷ್ಟು ದತ್ತಾಂಶ ಸಾಮಾನ್ಯ ಸ್ಟ್ರೀಮಿಂಗ್‌ನಲ್ಲಿ ಸಿಗದು. ಆಟವೂ ಡಿಸ್ಕೂ ಎರಡೂ ಬೇಕಾದ ಮನೆಗೆ ಕನ್ಸೋಲ್ ಲಾಭದ್ದೇ. ಕೊಳ್ಳುವಾಗ ಡಿಸ್ಕ್ ಡ್ರೈವ್ ಇರುವ ಮಾದರಿಯನ್ನೇ ಕೇಳಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಅದಿಲ್ಲ. ಹಳೆಯ ಆಡಿಯೊ ಸಿಡಿಗಳಂತೂ ಪ್ಲೇಸ್ಟೇಷನ್ 5ರಲ್ಲಿ ಓಡುವುದಿಲ್ಲ.